ಫೇಸ್‌ಬುಕ್‌ನಲ್ಲಿ ಮರಳಿದ ಮನೆತನದ ಹೆಸರು

ಗೆಳೆಯರೇ, 1934ರಲ್ಲಿ ತುರ್ಕಿಯಲ್ಲಿ ಒಂದು ಕಾನೂನು ಬಂತು. ಎಲ್ಲರಿಗೂ ಉಪನಾಮ ಇರಬೇಕು, ಅದೂ ತುರ್ಕಿ ಹೆಸರೇ ಆಗಬೇಕು ಅಂತ. ಕಾಕಸಸ್‌ನಿಂದ ಬಂದು ಅಲ್ಲಿ ನೆಲೆಸಿದ ಸರ್ಕಾಸಿಯನ್ ಜನಾಂಗದವರ ಮನೆತನದ ಹೆಸರುಗಳು ಸರ್ಕಾರಿ ಕಾಗದದಿಂದ ಮಾಯವಾದವು. ಮನೆಯೊಳಗೆ ಮಾತ್ರ ಉಳಿದವು. ಈಗ ಅವರ ಮೊಮ್ಮಕ್ಕಳು, ಮರಿಮಕ್ಕಳಲ್ಲಿ ಎಷ್ಟೋ ಜನರಿಗೆ ಗುರುತಿನ ಚೀಟಿಯಲ್ಲಿ ತುರ್ಕಿ ಹೆಸರು, ಫೇಸ್‌ಬುಕ್‌ನಲ್ಲಿ ಹಳೆಯ ಮನೆತನದ ಹೆಸರು. ಸುಮ್ನೆ ಶೋಕಿಗಲ್ಲ ಇದು. ಒಂದೇ ಮನೆತನದವರು ಮದುವೆಯಾಗುವಂತಿಲ್ಲ, ನಮ್ಮಲ್ಲಿ ಗೋತ್ರ ನೋಡುವ ಹಾಗೆ. ಹೆಸರು ಕಂಡರೆ ಸಾಕು, ಜೋರ್ಡಾನಿನ ಅಮ್ಮಾನ್ ನಗರದ ಹುಡುಗನಿಗೂ ಅಮೆರಿಕದ ನ್ಯೂಜೆರ್ಸಿಯ ಹುಡುಗಿಗೂ ತಮ್ಮ ನಂಟು ಏನೆಂದು ತಿಳಿಯುತ್ತದೆ.

ಇವರ ನಾಡು ಕಪ್ಪು ಸಮುದ್ರದ ದಂಡೆಯ ವಾಯವ್ಯ ಕಾಕಸಸ್. ರಷ್ಯಾದ ಜೊತೆ ದಶಕಗಟ್ಟಲೆ ನಡೆದ ಯುದ್ಧ 1864ರ ಮೇ 21ಕ್ಕೆ ಮುಗಿಯಿತು. ಬಹುಪಾಲು ಜನರನ್ನು ಒಟ್ಟೋಮನ್ ಸಾಮ್ರಾಜ್ಯಕ್ಕೆ ಅಟ್ಟಿದರು. ಇಂದು ಜಾಸ್ತಿ ಜನ ಇರುವುದು ತುರ್ಕಿಯಲ್ಲಿ. ಜೋರ್ಡಾನ್, ಸಿರಿಯಾದಲ್ಲೂ ಇದ್ದಾರೆ. ಇಸ್ರೇಲಿನಲ್ಲಿ ಎರಡೇ ಹಳ್ಳಿ, ಕಫರ್ ಕಾಮಾ ಮತ್ತು ರೆಹಾನಿಯಾ.

ಹೀಗೆ ಚದುರಿದವರು ಆನ್‌ಲೈನ್‌ನಲ್ಲಿ ಸೇರಿದರೆ ಯಾವ ಭಾಷೆಯಲ್ಲಿ ಮಾತಾಡಬೇಕು? ತುರ್ಕಿಯವರಿಗೆ ತುರ್ಕಿ, ಜೋರ್ಡಾನಿನವರಿಗೆ ಅರಬ್ಬಿ, ತಾಯ್ನಾಡಿನವರಿಗೆ ರಷ್ಯನ್ ಸಲೀಸು. ಸ್ವಂತ ಭಾಷೆಗೆ 1930ರ ದಶಕದಿಂದ ಸಿರಿಲಿಕ್ ಲಿಪಿ. ಅದರಲ್ಲಿ ನೆಟ್ಟಗೆ ನಿಲ್ಲಿಸಿದ ಕಡ್ಡಿಯಂಥ ಒಂದು ಅಕ್ಷರವಿದೆ. ರಷ್ಯನ್ ಕೀಬೋರ್ಡಿನಲ್ಲಿ ಅದು ಇಲ್ಲ. ಜನ ಅದರ ಜಾಗದಲ್ಲಿ 1 ಅಂಕಿ ಒತ್ತಿಬಿಡುತ್ತಾರೆ. ಓದುವವರಿಗೆ ತೊಂದರೆಯಿಲ್ಲ, ಆದರೆ ಕಂಪ್ಯೂಟರಿಗೆ ಅದು ಬೇರೆಯೇ ಪದ. ಹುಡುಕಿದರೆ ಸಿಗದೆಯೂ ಹೋಗಬಹುದು. ಹಾಗಾಗಿ ಗಡಿ ದಾಟಿ ಓಡಾಡುವುದು ಹನ್ನೆರಡು ನಕ್ಷತ್ರದ ಹಸಿರು ಬಾವುಟ, ಕುಣಿತದ ವಿಡಿಯೊ, ಮೇ 21ರ ಶೋಕದ ಚಿತ್ರ. ಭಾಷೆ ಬಾರದವರೂ ಇವನ್ನು ಹಂಚಿಕೊಳ್ಳಬಹುದು, ಅಲ್ವಾ? ಅದು ಅನುಕೂಲವೂ ಹೌದು, ನನ್ನ ಮಟ್ಟಿಗೆ ಸ್ವಲ್ಪ ಆತಂಕವೂ ಹೌದು.

ಇನ್ನೊಂದು ಬದಲಾವಣೆ ಹಿರಿಯರ ವಿಷಯದ್ದು. ಹಿರಿಯರು ಒಳಗೆ ಬಂದರೆ ಎದ್ದು ನಿಲ್ಲಬೇಕು, ಅದು ಖಾಬ್ಜೆ, ಅವರ ನಡವಳಿಕೆಯ ಕಟ್ಟಳೆ. ಫೇಸ್‌ಬುಕ್‌ನಲ್ಲಿ ಯಾರು ಎದ್ದು ನಿಲ್ಲುತ್ತಾರೆ? 2014ರ ಚಳಿಗಾಲದ ಒಲಿಂಪಿಕ್ಸ್ ಅವರ ಹಳೆಯ ನಾಡಿನಲ್ಲೇ ಇರುವ ರಷ್ಯಾದ ಸೋಚಿಗೆ ಬಂತು. ಹಿಮಕ್ರೀಡೆಗಳಿಗೆ ಗೊತ್ತಾದ ಕ್ರಾಸ್ನಾಯಾ ಪೊಲ್ಯಾನಾ, 1864ರಲ್ಲಿ ರಷ್ಯಾದ ಸೇನೆ ವಿಜಯದ ಪಥಸಂಚಲನ ಮಾಡಿದ ಜಾಗ. ಸರಿಯಾಗಿ 150 ವರ್ಷದ ಮೇಲೆ! ಮಾಸ್ಕೋ ಜೊತೆ ಜಗಳ ಯಾಕೆ ಅಂತಿದ್ದ ಹಳೆಯ ಸಂಘಗಳಿಗೆ ಹುಡುಗರು ಕಾಯಲಿಲ್ಲ. ‘ನೋ ಸೋಚಿ’ (ಸೋಚಿ ಬೇಡ) ಎಂದು ಆನ್‌ಲೈನ್‌ನಲ್ಲಿ ತಾವೇ ವಿರೋಧ ಶುರುಮಾಡಿದರು.

ಆದರೆ ಆನ್‌ಲೈನ್ ಗದ್ದಲ ನೋಡಿ ಎಲ್ಲರೂ ಒಂದಾದರು ಅಂದುಕೊಳ್ಳಬೇಡಿ. ಸೋವಿಯತ್ ಕಾಲದಲ್ಲಿ ಇವರನ್ನು ಅದಿಗೆ, ಕಬರ್ದಿ, ಚೆರ್ಕೆಸ್ ಎಂದು ಬೇರೆಬೇರೆ ಲೆಕ್ಕ ಹಾಕಿದ್ದರು. ರಷ್ಯಾದ 2010ರ ಜನಗಣತಿಯಲ್ಲಿ ಎಲ್ಲರೂ ಚೆರ್ಕೆಸ್ (ಸರ್ಕಾಸಿಯನ್ ಎಂಬುದರ ರಷ್ಯನ್ ರೂಪ) ಎಂದೇ ಬರೆಸಿ ಎಂಬ ಪ್ರಚಾರ ನಡೆಯಿತು. ಅಲ್ಲಿನ ಬಹುಪಾಲು ಜನ ರೂಢಿಯ ಹೆಸರನ್ನೇ ಬರೆಸಿದರು.

2022ರ ಮಾರ್ಚಿನಲ್ಲಿ ರಷ್ಯಾ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡನ್ನೂ ನಿರ್ಬಂಧಿಸಿತು. ತಾಯ್ನಾಡಿನ ನಾಲ್ಚಿಕ್ ನಗರದಲ್ಲಿರುವವರು ಈಗ ವಿಪಿಎನ್ ಹಾಕಿಕೊಂಡು ಬರಬೇಕು. ಬಂದರೂ ಎಲ್ಲವನ್ನೂ ಬಾಯಿಬಿಟ್ಟು ಹೇಳುವಂತಿಲ್ಲ. ತಾಯ್ನಾಡಿನ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುವವರು ಈಗ ಹೆಚ್ಚಾಗಿ ಅಲ್ಲಿ ಹುಟ್ಟದವರೇ.