ಲೇಸರ್ ಹರಡುತ್ತದೆ ಸ್ವಾಮಿ, ಹರಡುತ್ತದೆ!

ನಮಸ್ಕಾರ ದಾವಣಗೆರೆ, ನಮಸ್ಕಾರ ದುರ್ಗ! ಹೋದ ವಿಡಿಯೊ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: ‘ಟಾರ್ಚ್ ಬೆಳಕು ಹರಡುತ್ತೆ, ಲೇಸರ್ ಹರಡಲ್ಲ. ಗಣಪತಿ ಮೆರವಣಿಗೆಯಲ್ಲಿ ಕಣ್ಣಾರೆ ನೋಡಿದ್ದೀನಿ. ಸುಮ್ನೆ ರೀಲು ಬಿಡಬೇಡ.’

ರೀಲಾ? ಸರಿ, ಲೆಕ್ಕ ಹಾಕೋಣ. 1 ಮಿಲಿಮೀಟರ್ ದಪ್ಪದ ಕೆಂಪು ಲೇಸರ್ ಬಿಡಿ. 1 ಕಿಲೋಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 80 ಸೆಂಟಿಮೀಟರ್ ಅಗಲ ಆಗಿರುತ್ತದೆ. ಭೂಮಿ ಚಪ್ಪಟೆ, ಧೂಳೇ ಇಲ್ಲ ಅಂದುಕೊಂಡರೂ ದಾವಣಗೆರೆಯಿಂದ ದುರ್ಗದ ಕೋಟೆ ಮುಟ್ಟುವಾಗ ಸುಮಾರು 50 ಮೀಟರ್! ಡಿಜೆ ಮುಂದೆ ಹೊಗೆಯಲ್ಲಿ ನಾಲ್ಕು ಮಾರು ನೋಡಿ ತೀರ್ಪು ಕೊಟ್ಟರೆ ಹೇಗೆ?

‘ಒಳ್ಳೆ ಲೆನ್ಸ್ ಹಾಕಿ ಸಣ್ಣ ಮಾಡಿದರೆ?’ ನನಗೆ ಉರಿಯೋದೇ ಇದಕ್ಕೆ. ಸಣ್ಣ ಮಾಡಿದಷ್ಟೂ ಜಾಸ್ತಿ ಹರಡುತ್ತದೆ! ದಪ್ಪ ಅರ್ಧ ಮಾಡಿ, ಹರಡೋದು ಎರಡು ಪಟ್ಟು. ಬೆಳಕು ಅಲೆ ಅಲ್ವಾ? ಕಿರಣದ ಒಂದೊಂದು ಬಿಂದುವಿನಿಂದಲೂ ಪಕ್ಕಕ್ಕೂ ಅಲೆ ಹೊರಡುತ್ತದೆ. ಕಿರಣ ಅಗಲ ಇದ್ದರೆ ಪಕ್ಕಕ್ಕೆ ಹೋಗುವ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸಣ್ಣದಾದರೆ ಅಳಿಸುವುದಕ್ಕೆ ಜೊತೆ ಸಿಗುವುದಿಲ್ಲ. ಅದಕ್ಕೇ ಚಂದ್ರನಿಗೆ ಲೇಸರ್ ಬಿಡುವವರು ಮೊದಲು ದೊಡ್ಡ ಟೆಲಿಸ್ಕೋಪಿನಲ್ಲಿ ಅದನ್ನು ದಪ್ಪ ಮಾಡುತ್ತಾರೆ. ಆದರೂ 1969ರಲ್ಲಿ ಅಪೊಲೊ 11ರವರು ಇಟ್ಟು ಬಂದ ಕನ್ನಡಿ ತಲುಪುವಾಗ ಕಿಲೋಮೀಟರ್ ಲೆಕ್ಕದಲ್ಲಿ ಹರಡಿರುತ್ತದೆ. ಅದರಲ್ಲಿ ನಮ್ಮ ಗಾಳಿಯ ಪಾಲೂ ಇದೆ, ಒಪ್ಪೋಣ.

‘ಇದೆಲ್ಲ ಬರೀ ಥಿಯರಿ’ ಅಂತ ಇನ್ನೊಬ್ಬರು. ಓಹೋ! 1818ರಲ್ಲಿ ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ಬೆಳಕಿನ ಅಲೆಯ ಲೆಕ್ಕ ಒಪ್ಪಿಸಿದಾಗ ಅಲ್ಲಿಯ ಗಣಿತಜ್ಞ ಪ್ವಾಸೋನ್‌ಗೂ ನಂಬಿಕೆ ಬರಲಿಲ್ಲ. ಈ ಲೆಕ್ಕದ ಪ್ರಕಾರ ದುಂಡನೆ ತಟ್ಟೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಬರಬೇಕು, ಅದು ಆಗದ ಮಾತು ಅನ್ನೋದು ಅವನ ವಾದ. ಇನ್ನೊಬ್ಬ ವಿಜ್ಞಾನಿ ಅರಾಗೊ ಪ್ರಯೋಗ ಮಾಡಿಯೇ ನೋಡಿದ. ಚುಕ್ಕೆ ಇತ್ತು! (ಇಲ್ಲಿ ಲೈಕ್ ಒತ್ತಿ.)

‘ಬೆಸೆಲ್ ಕಿರಣ ಅಂತ ಹರಡದೇ ಇರೋ ಒಂದು ಬೆಳಕಿನ ಕಿರಣ ಇದೆಯಲ್ಲ ಅಣ್ಣಾ’ ಅನ್ನುವ ಇಂಜಿನಿಯರಿಂಗ್ ತಮ್ಮಂದಿರೇ, ಅಸಲಿ ಬೆಸೆಲ್ ಕಿರಣಕ್ಕೆ ಕೊನೆಯಿಲ್ಲದಷ್ಟು ಶಕ್ತಿ ಬೇಕು. ಕರೆಂಟ್ ಬಿಲ್ ನಿಮ್ಮ ಮಾವ ಕಟ್ಟುತ್ತಾರಾ? ಲ್ಯಾಬಿನಲ್ಲಿ ಮಾಡೋ ಅದರ ನಕಲು ಒಂದಷ್ಟು ದೂರ ಹೋಗಿ ಕೈಕೊಡುತ್ತದೆ.

ಹಸಿರು ಲೇಸರ್? ಸ್ವಲ್ಪ ಕಡಿಮೆ, ಆದರೂ ಹರಡುತ್ತದೆ. ದುಬಾರಿದು? ಹರಡುತ್ತದೆ. ದುಬೈನಿಂದ ತಂದದ್ದು? ಅದೂ ಹರಡುತ್ತದೆ! ಯಾಕೆ ಅಂದರೆ... ಹರಡುತ್ತದೆ ರೀ, ಅಷ್ಟೇ! ಸಬ್‌ಸ್ಕ್ರೈಬ್ ಮಾಡಿ. ಶನಿವಾರ ಲೈವ್ ಬರುತ್ತೇನೆ. ಬೆಣ್ಣೆ ದೋಸೆ ಪಂದ್ಯ ಕಟ್ಟುವವರು ಅಲ್ಲೇ ಹೆಸರು ಹಾಕಿ. ಎಕ್ಸ್‌ಟ್ರಾ ಬೆಣ್ಣೆ ನಿಮ್ಮ ಲೆಕ್ಕ.