ಎರಡೂವರೆ ಅಡಿಯ ಹಳಿ: ಜಯನಗರದಿಂದ ಜನಕಪುರಕ್ಕೆ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಬಿಹಾರದ ಮಧುಬನಿ ಜಿಲ್ಲೆಯ ಜಯನಗರ. ಭಾರತೀಯ ರೈಲ್ವೆಯ ನಿಲ್ದಾಣಕ್ಕೆ ಒತ್ತಿಕೊಂಡೇ ನೇಪಾಳದ ಜನಕಪುರಕ್ಕೆ ರೈಲು ಹೊರಡುವ ನಿಲ್ದಾಣವಿದೆ. ಟಿಕೆಟ್ ಕೊಂಡದ್ದು, ಗುರುತಿನ ಚೀಟಿ ತೋರಿಸಿದ್ದು, ಚೀಲ ತಪಾಸಣೆ ಮಾಡಿಸಿದ್ದು ಎಲ್ಲವೂ ದೃಶ್ಯದಲ್ಲಿಯೇ ಇರುವುದರಿಂದ ಅವನ್ನು ವಿವರಿಸುವುದಿಲ್ಲ. ಗಮನಿಸಬೇಕಾದದ್ದು ಇಷ್ಟು: ಗಡಿ ದಾಟುವ ಈ ರೈಲಿನಲ್ಲಿ ಭಾರತ ಮತ್ತು ನೇಪಾಳದ ಪ್ರಜೆಗಳಿಗೆ ಮಾತ್ರ ಅವಕಾಶವಿದೆ. ಬೇರೆ ದೇಶದವರು ರಸ್ತೆಯ ದಾರಿಯನ್ನೇ ಹಿಡಿಯಬೇಕು.

ರೈಲು ಒಳಬರುತ್ತಿದೆ, ನೋಡಿ. ಐದು ಡಬ್ಬಿಗಳ ಈ ಡೀಸೆಲ್ ಗಾಡಿಯನ್ನು ಕಂಡಾಗ ಕರಾವಳಿಯ ಕಡೆಯ ವೀಕ್ಷಕರಿಗೆ ಎಲ್ಲೋ ನೋಡಿದ ನೆನಪಾದರೆ ಅದು ತಪ್ಪಲ್ಲ. ಕಾರವಾರ, ಕುಮಟಾ, ಉಡುಪಿಗಳ ಮೂಲಕ ಹಾದುಹೋಗುವ ದಾರಿಯನ್ನು ಕಟ್ಟಿದ ಕೊಂಕಣ ರೈಲ್ವೆಯೇ ಇಂತಹ ಎರಡು ಗಾಡಿಗಳನ್ನು ನೇಪಾಳಕ್ಕೆ ಮಾರಿತು. ಇವು ತಯಾರಾದದ್ದು ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಗಾಡಿಗಳು ಬಂದು ತಲುಪಿದಾಗ ಅವನ್ನು ನೋಡಲು ಊರಿಗೆ ಊರೇ ಹಳಿಯ ಬಳಿ ನೆರೆದಿತ್ತು. ಆದರೆ ಅವನ್ನು ಓಡಿಸಲು ನೇಪಾಳದಲ್ಲಿ ತಕ್ಕ ಕಾನೂನೂ ಇರಲಿಲ್ಲ, ತರಬೇತಾದ ಸಿಬ್ಬಂದಿಯೂ ಇರಲಿಲ್ಲ. ಹೀಗಾಗಿ ಅವು ಒಂದೂವರೆ ವರ್ಷ ಇನರ್ವಾ ನಿಲ್ದಾಣದಲ್ಲಿ ತಾಡಪಾಲು ಹೊದ್ದು ನಿಂತಿದ್ದವು. 2022ರ ಏಪ್ರಿಲ್ 2ರಂದು ಎರಡೂ ದೇಶಗಳ ಪ್ರಧಾನಿಗಳು ದೆಹಲಿಯಿಂದ ಹಸಿರು ನಿಶಾನೆ ತೋರಿಸಿದ ಮೇಲೆ ಜಯನಗರ ಮತ್ತು ಜನಕಪುರದಾಚೆಗಿನ ಕುರ್ಥಾ ನಡುವಿನ ಸುಮಾರು 35 ಕಿಲೋಮೀಟರ್ ದಾರಿಯಲ್ಲಿ ಸಂಚಾರ ಶುರುವಾಯಿತು.

ಕಿಟಕಿಯ ಹೊರಗೆ ಬಯಲು ಕಾಣುತ್ತಿದೆ. ಇದು ತರಾಯಿ. ಹಿಮಾಲಯದ ದೇಶ ಎಂದೊಡನೆ ಬೆಟ್ಟವನ್ನೇ ಕಲ್ಪಿಸಿಕೊಳ್ಳುವ ನಮಗೆ ಈ ಸಮತಟ್ಟು ಗದ್ದೆಗಳು, ಮಾವಿನ ತೋಪುಗಳು, ಮೀನಿನ ಕೆರೆಗಳು ನೇಪಾಳವೆಂದು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ನೇಪಾಳದ ರೈಲಿನ ಇತಿಹಾಸವೆಲ್ಲವೂ ಈ ಬಯಲಿನಲ್ಲಿಯೇ ನಡೆದಿದೆ. ಬೆಟ್ಟದ ಬುಡ ಮುಟ್ಟಿದಲ್ಲಿಗೆ ಅದು ನಿಂತಿತು. ಭಾರತದ ಒಂದು ರೈಲು ನಿಲ್ದಾಣದಿಂದ ಹೊರಟು, ಯಾವುದೋ ಒಂದು ಸರಕು ಸಿಗುವ ಜಾಗದವರೆಗೆ ಹೋಗಿ ಸುಮ್ಮನಾದ ಹಳಿಗಳು ಇವು. ಒಂದು ಊರಿನ ಜನರನ್ನು ಇನ್ನೊಂದು ಊರಿಗೆ ಕೊಂಡೊಯ್ಯಬೇಕೆಂದು ಅವುಗಳಲ್ಲಿ ಒಂದನ್ನೂ ಹಾಕಲಿಲ್ಲ. ಈ ರೈಲುಗಳ ಅವನತಿಯ ಮೂಲ ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಈಗ ಬರುವ ದೃಶ್ಯ ಮೂರು ದಿನಗಳ ಹಿಂದಿನದು, ಇಲ್ಲಿಂದ ಪಶ್ಚಿಮಕ್ಕಿರುವ ಅಮಲೇಖಗಂಜ್‌ನದು. ನೇಪಾಳದ ಮೊದಲ ರೈಲು ಓಡಿದ್ದು ಅಲ್ಲಿ. ರಾಣಾ ಮನೆತನದ ಪ್ರಧಾನಿ ಚಂದ್ರ ಶಂಶೇರ್ ಕಾಲದಲ್ಲಿ, 1927ರಲ್ಲಿ, ಬಿಹಾರದ ರಕ್ಸೌಲ್‌ನಿಂದ ಅಮಲೇಖಗಂಜ್‌ವರೆಗೆ 39 ಕಿಲೋಮೀಟರ್ ಹಳಿ ಹಾಕಲಾಯಿತು. ಕಟ್ಟಿದ್ದು ಕಲ್ಕತ್ತೆಯ ಮಾರ್ಟಿನ್ ಕಂಪನಿ. ಊರಿನ ಹೆಸರನ್ನು ಒಮ್ಮೆ ಗಮನಿಸಿ. ನೇಪಾಳಿಯಲ್ಲಿ ‘ಅಮಲೇಖ’ ಎಂದರೆ ಬಿಡುಗಡೆ ಹೊಂದಿದವರು. ಇದೇ ಚಂದ್ರ ಶಂಶೇರ್ 1920ರ ದಶಕದ ನಡುವಿನಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದಾಗ, ಬಿಡುಗಡೆಯಾದವರಲ್ಲಿ ಕೆಲವರನ್ನು ತಂದು ನೆಲೆಗೊಳಿಸಿದ ಜಾಗ ಅದು. ಅಲ್ಲಿಗೆ ರೈಲು ಬಂದರೂ ಕಾಠ್ಮಂಡುವಿಗೆ ದಾರಿ ತೆರೆಯಲಿಲ್ಲ. ಅಮಲೇಖಗಂಜ್‌ನಿಂದ ಭೀಮಫೇದಿಯವರೆಗೆ ಮೋಟಾರು ದಾರಿ, ಆಮೇಲೆ ಚೀಸಾಪಾನಿ ಗಢಿ, ಚಂದ್ರಗಿರಿಯ ಏರುಗಳನ್ನು ಕಾಲ್ನಡಿಗೆಯಲ್ಲಿ ಹತ್ತಿ ಇಳಿಯಬೇಕಾಗಿತ್ತು. ಅರಮನೆಯ ಮೋಟಾರು ಕಾರುಗಳನ್ನು ಕೂಡ ಹಮಾಲರು ಬಿದಿರಿನ ಬೊಂಬುಗಳಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ಗುಡ್ಡ ದಾಟಿಸುತ್ತಿದ್ದರು. ರಾಜಧಾನಿಯನ್ನು ಹೊರಗಿನವರಿಂದ ದೂರವಿಡುವುದು ಆಳುವವರಿಗೆ ಬೇಕಾಗಿಯೇ ಇತ್ತು. ಶಿವರಾತ್ರಿಯ ಹೊತ್ತಿಗೆ ಪಶುಪತಿನಾಥನ ದರ್ಶನಕ್ಕೆ ಹೊರಟ ಭಾರತದ ಯಾತ್ರಿಗಳಿಗೆ ಮಾತ್ರ ಬಾಗಿಲು ಸ್ವಲ್ಪ ತೆರೆದಿರುತ್ತಿತ್ತು. ಆಗ ಆ ಪುಟ್ಟ ರೈಲು ತುಂಬಿ ತುಳುಕುತ್ತಿತ್ತು.

ಹೀಗೆ ಬೆಟ್ಟದ ಬುಡದಲ್ಲಿ ನಿಲ್ಲಿಸಿದ ರೈಲಿಗೆ ಬೆಟ್ಟ ಹತ್ತುವ ರಸ್ತೆಯೇ ಮುಳುವಾಯಿತು. ಭಾರತದ ನೆರವಿನಿಂದ ಕಟ್ಟಿದ ತ್ರಿಭುವನ ರಾಜಪಥ 1956ರಲ್ಲಿ ತೆರೆದ ಮೇಲೆ, ಲಾರಿಗೆ ತುಂಬಿದ ಸರಕನ್ನು ನಡುದಾರಿಯಲ್ಲಿ ಇಳಿಸದೆ ಕಾಠ್ಮಂಡುವಿಗೆ ಒಯ್ಯಬಹುದಾಯಿತು. ಒಮ್ಮೆ ತುಂಬಿ, ಒಮ್ಮೆ ಇಳಿಸುವ ಸೌಕರ್ಯವಿರುವಾಗ 39 ಕಿಲೋಮೀಟರ್‌ಗಾಗಿ ರೈಲಿಗೆ ತುಂಬಿಸಿ ಮತ್ತೆ ಲಾರಿಗೆ ಹೇರುವ ಕೂಲಿಯನ್ನು ಯಾವ ವ್ಯಾಪಾರಿಯೂ ಕೊಡುವುದಿಲ್ಲ. 1965ರಲ್ಲಿ ಆ ದಾರಿ ಮುಚ್ಚಿತು. ಸಿಮರಾ ಕಡೆಯಿಂದ ಹಳಿಯ ಜಾಡು ಹುಡುಕುತ್ತ ಇಡೀ ಬೆಳಗು ತಿರುಗಿದ ನಮಗೆ ಎದುರಾದದ್ದು ತೈಲದ ಟ್ಯಾಂಕರುಗಳ ಸಾಲು. 2019ರಿಂದ ಬಿಹಾರದ ಮೋತಿಹಾರಿಯಿಂದ ಅದೇ ಅಮಲೇಖಗಂಜ್‌ಗೆ 69 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಡೀಸೆಲ್ ಹರಿದುಬರುತ್ತಿದೆ. ರೈಲು ಹೋದರೂ ಅದು ನಿಲ್ಲುತ್ತಿದ್ದ ಜಾಗ ಇಂದಿಗೂ ಸರಕಿನ ಬಾಗಿಲಾಗಿಯೇ ಉಳಿದಿದೆ.

ಮರಳಿ ನಮ್ಮ ಗಾಡಿಗೆ ಬರೋಣ, ಏಕೆಂದರೆ ಖಜುರಿ ನಿಲ್ದಾಣ ಬಂದಿದೆ. ಹಳೆಯ ಪುಟ್ಟ ರೈಲಿನ ಎಂಜಿನ್ ಶೆಡ್ ಇದ್ದದ್ದು ಇಲ್ಲಿ. ಈ ದಾರಿಯನ್ನು 1937ರಲ್ಲಿ, ಇನ್ನೊಬ್ಬ ರಾಣಾ ಪ್ರಧಾನಿ ಜುದ್ಧ ಶಂಶೇರ್ ಕಾಲದಲ್ಲಿ, ಹಾಕಿದ್ದು ಯಾತ್ರಿಗಳಿಗಾಗಿ ಅಲ್ಲ, ಮಹೋತ್ತರಿಯ ಕಾಡಿನ ಮರಕ್ಕಾಗಿ. ತರಾಯಿಯ ಸಾಲವೃಕ್ಷದ ದಿಮ್ಮಿಗಳಿಗೆ ಆಗ ಭಾರತದಲ್ಲಿ ಬಹಳ ಬೇಡಿಕೆಯಿತ್ತು. ಭಾರತದ ರೈಲು ಹಳಿಗಳ ಅಡಿಯಲ್ಲಿ ಹಾಸುತ್ತಿದ್ದ ಸ್ಲೀಪರುಗಳಿಗೆ ನೇಪಾಳದ ಕಾಡುಗಳು ದೀರ್ಘಕಾಲ ಮರ ಒದಗಿಸಿವೆ. ಜಯನಗರದಿಂದ ಜನಕಪುರದ ಮೂಲಕ ಬಿಜಲಪುರಾವರೆಗೆ ಐವತ್ತು ಕಿಲೋಮೀಟರ್‌ಗೆ ತುಸು ಹೆಚ್ಚಿನ ದಾರಿ ಅದು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಿರಿಯರು ಹತ್ತಿದ್ದ ಸಣ್ಣ ರೈಲಿನದೂ ಇದೇ ಅಳತೆ.

ಕಾಡು ಬರಿದಾದ ಮೇಲೆ ಈ ರೈಲೂ ಮುಚ್ಚಬೇಕಾಗಿತ್ತು. ಮುಚ್ಚಲಿಲ್ಲ. ದಿಮ್ಮಿಗಳ ಜಾಗದಲ್ಲಿ ಜನ ಹತ್ತಿ ಕುಳಿತರು. ಮಿಥಿಲೆಯ ನಡುವೆ ಗಡಿ ಹಾದುಹೋಗಿದ್ದರೂ ಎರಡೂ ಬದಿಗೆ ಒಂದೇ ಮೈಥಿಲಿ ಭಾಷೆ, ಕೊಟ್ಟು ತಂದ ಸಂಬಂಧ. ತವರಿಗೆ ಹೊರಟ ಹೆಣ್ಣುಮಕ್ಕಳು, ಜಯನಗರದ ಸಂತೆಗೆ ಹೋಗುವವರು, ರಾಮನವಮಿಗೆ ಮತ್ತು ವಿವಾಹ ಪಂಚಮಿಗೆ ಜಾನಕಿ ಮಂದಿರಕ್ಕೆ ಬರುವವರು ಎಲ್ಲರೂ ಈ ಗಾಡಿಯನ್ನೇ ನೆಚ್ಚಿಕೊಂಡಿದ್ದರು. ಒಳಗೆ ಜಾಗವಿಲ್ಲದೆ ಛಾವಣಿಯ ಮೇಲೂ ಕುಳಿತು ಬರುತ್ತಿದ್ದರು. 1990ರ ದಶಕದಲ್ಲಿ ಹಬೆಯ ಎಂಜಿನ್‌ಗಳ ಜಾಗಕ್ಕೆ ಭಾರತ ಕೊಟ್ಟ ಡೀಸೆಲ್ ಎಂಜಿನ್‌ಗಳು ಬಂದವು. ಆದರೆ ಹಳಿ ಅದೇ ಹಳೆಯದು. ಕೊನೆಕೊನೆಗೆ ಜನಕಪುರ ತಲುಪಲು ಮೂರು ನಾಲ್ಕು ಗಂಟೆ ಹಿಡಿಯುತ್ತಿತ್ತು. 2001ರ ಪ್ರವಾಹದಲ್ಲಿ ಬಿಘಿ ನದಿಯ ಸೇತುವೆ ಕೊಚ್ಚಿಹೋಯಿತು. ಅದನ್ನು ಮತ್ತೆ ಕಟ್ಟದ ಕಾರಣ ಜನಕಪುರದಿಂದಾಚೆಗಿನ ದಾರಿ ಸತ್ತಿತು. 2014ರ ಜನವರಿಯಲ್ಲಿ, ಬ್ರಾಡ್‌ಗೇಜ್ ಹಾಕಲೆಂದು ಉಳಿದ ದಾರಿಯನ್ನೂ ನಿಲ್ಲಿಸಲಾಯಿತು. ಇಂತಹ ಹಳಿಯ ಮೇಲೆ ಜನರನ್ನು ಛಾವಣಿಯಲ್ಲಿ ಕೂರಿಸಿಕೊಂಡು ಓಡಿಸುವುದಕ್ಕಿಂತ ನಿಲ್ಲಿಸಿದ್ದೇ ಒಳ್ಳೆಯದಾಯಿತು ಎಂದು ಈ ದೃಶ್ಯವನ್ನು ಚಿತ್ರಿಸುವಾಗ ನಾನು ಹೇಳಿದ್ದೆ. ಆ ಮಾತನ್ನು ಮುಂದೆ ತಿದ್ದಿಕೊಳ್ಳಬೇಕಾಗಿ ಬಂತು.

ಜನಕಪುರ ಬಂತು. 1911ರಲ್ಲಿ ಟೀಕಮ್‌ಗಢದ ರಾಣಿ ಕಟ್ಟಿಸಿದ ಜಾನಕಿ ಮಂದಿರದ ದೃಶ್ಯಗಳು ಸಾಕಷ್ಟಿವೆ, ಅವು ತಾವಾಗಿಯೇ ಮಾತನಾಡುತ್ತವೆ. ನಾನು ಹೇಳಬೇಕಾಗಿರುವುದು ಮರುದಿನ ರೈಲು ತಪ್ಪಿದ ವಿಚಾರ.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಇರುತ್ತದೆ. ಗೌರೀಶಂಕರ ಶಿಖರದ ಮೇಲೆ ಹಾಯುವ ರೇಖಾಂಶಕ್ಕೆ ಹೊಂದುವಂತೆ 1986ರಲ್ಲಿ ಅವರು ಈ ಸಮಯವನ್ನು ಅಳವಡಿಸಿಕೊಂಡರು. ನನಗೆ ಇದು ತಿಳಿದಿತ್ತು. ಬರುವ ದಿನ ಮೊಬೈಲಿನ ಸಮಯವನ್ನು ಬದಲಾಯಿಸಿಯೂ ಇದ್ದೆ. ಆದರೆ ಬೆಳಗ್ಗೆ ಕ್ಯಾಮೆರಾ ಹಿಡಿದಿದ್ದರಿಂದ ಮೊಬೈಲು ಚೀಲದೊಳಗೆ ಸೇರಿತ್ತು, ಕಣ್ಣಿಗೆ ಬೀಳುತ್ತಿದ್ದದ್ದು ಕೈಗಡಿಯಾರ. ಅದು ಇನ್ನೂ ಬೆಂಗಳೂರಿನ ಸಮಯದಲ್ಲಿತ್ತು. ಗಾಡಿಗೆ ಹತ್ತು ನಿಮಿಷ ಇದೆ ಎಂಬ ನೆಮ್ಮದಿಯಲ್ಲಿ ನಿಲ್ದಾಣದ ಹೊರಗೆ ಫಲಕವನ್ನು ಚಿತ್ರಿಸುತ್ತ ನಿಂತಿದ್ದಾಗ, ಒಳಗಿನಿಂದ ಹಾರ್ನ್ ಕೇಳಿಸಿತು. ಓಡಿಹೋಗಿ ನೋಡುವಷ್ಟರಲ್ಲಿ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮ್ ದಾಟುತ್ತಿತ್ತು. ದೃಶ್ಯ ಅಲುಗಾಡುವುದು ಆ ಓಟದಿಂದ. ಬೆಂಗಳೂರಿನಲ್ಲಾದರೆ ಇನ್ನೊಂದು ರೈಲು ಬರುತ್ತದೆ ಎಂದುಕೊಳ್ಳಬಹುದು. ಇಲ್ಲಿ ದಿನಕ್ಕೆ ಬೆರಳೆಣಿಕೆಯ ಗಾಡಿಗಳು. ಒಂದು ತಪ್ಪಿದರೆ ಅರ್ಧ ದಿನ ಹೋದಂತೆ. ಜಯನಗರದಿಂದ ಮುಂದೆ ಕಾದಿರಿಸಿದ್ದ ರಾತ್ರಿ ರೈಲಿನ ಟಿಕೆಟ್‌ನ ಚಿಂತೆ ಬೇರೆ. ಮುಖ ನೋಡಿದರೆ ನಿಮಗೇ ತಿಳಿಯುತ್ತದೆ, ಬಹಳ ಬೇಸರವಾಗಿತ್ತು.

ಆ ಬೇಸರದಲ್ಲಿಯೇ ನಿಲ್ದಾಣದ ಬಳಿಯ ಚಹಾದಂಗಡಿಗೆ ಬಂದು ಕುಳಿತೆ. ಅಂಗಡಿಯ ಯಜಮಾನರು ಚಹಾಕ್ಕೆ ಶುಂಠಿ ಜಜ್ಜುತ್ತಿದ್ದದ್ದನ್ನು ಹತ್ತಿರದಿಂದ ನೋಡಿ. ಅವರ ಕೈಯಲ್ಲಿರುವುದು ಹಳಿಯನ್ನು ಸ್ಲೀಪರಿಗೆ ಬಿಗಿಯುವ ಮೊಳೆ: ಗೇಣಿಗಿಂತ ಗಿಡ್ಡ, ಚೌಕಾಕಾರದ ಮೈ, ಒಂದು ಕಡೆಗೆ ವಾಲಿದ ತಲೆ. ಮೈಯೆಲ್ಲ ಕಪ್ಪಾಗಿದ್ದರೂ ಶುಂಠಿ ತಾಗುವ ತಲೆಯ ಭಾಗ ಮಾತ್ರ ಬೆಳ್ಳಿಯಂತೆ ಹೊಳೆಯುತ್ತದೆ. ಹಳೆಯ ಹಳಿಯದೇ ಎಂದು ಕೇಳಿದ್ದಕ್ಕೆ ಅವರು, ಬೆಂಚಿನ ಮೇಲೆ ಕುಳಿತಿದ್ದ ಬಿಳಿಗಡ್ಡದ ಹಿರಿಯರ ಕಡೆಗೆ ಕೈ ತೋರಿಸಿದರು. ಆ ಹಿರಿಯರು ಖಜುರಿ ಶೆಡ್‌ನಲ್ಲಿ ಫಿಟ್ಟರಾಗಿದ್ದವರು. ನನ್ನ ಹಿಂದಿಗೆ ಅವರು ಮೈಥಿಲಿ ಬೆರೆಸಿದ ಹಿಂದಿಯಲ್ಲಿಯೇ ಉತ್ತರಿಸಿದರು.

“ಬಾಬೂ, ನಿಮಗೆ ಒಂದು ಗಾಡಿ ತಪ್ಪಿತು, ಅರ್ಧ ದಿನ ಹೋಯಿತು. ನಮಗೆ ಎಂಟು ವರ್ಷ ಗಾಡಿಯೇ ಇರಲಿಲ್ಲ” ಎಂದರು. ಅವರ ಮಗಳನ್ನು ಕೊಟ್ಟಿರುವುದು ಜಯನಗರದ ಆಚೆಗಿನ ಹಳ್ಳಿಗೆ. ಪುಟ್ಟ ರೈಲಿದ್ದಾಗ ತಿಂಗಳಿಗೊಮ್ಮೆ ಮೊಮ್ಮಕ್ಕಳನ್ನು ನೋಡಿ ಬರುತ್ತಿದ್ದರಂತೆ. ರೈಲು ನಿಂತ ಮೇಲೆ ಮಳೆಗಾಲದಲ್ಲಿ ಕೆಸರಾಗಿ ಬೇಸಿಗೆಯಲ್ಲಿ ದೂಳಾಗುತ್ತಿದ್ದ ರಸ್ತೆಯಲ್ಲಿ, ಬಸ್ಸಿನಿಂದ ಇಳಿದು ರಿಕ್ಷಾ ಹತ್ತಿ, ಗಡಿಯಲ್ಲಿ ನಡೆದು ಹೋಗುವ ಶಕ್ತಿ ಹೆಂಡತಿಗೆ ಇರಲಿಲ್ಲವಂತೆ. ಹೊಸ ರೈಲು ಶುರುವಾಗುವ ಹಿಂದಿನ ವರ್ಷ ಆಕೆ ತೀರಿಕೊಂಡರು.

ನನ್ನ ಮಾತನ್ನು ತಿದ್ದಿಕೊಂಡದ್ದು ಇಲ್ಲಿ. ಎರಡೂವರೆ ಅಡಿಯ ಹಳಿಯನ್ನು ಐದೂವರೆ ಅಡಿಗೆ ಹಿಗ್ಗಿಸಿದ್ದು ಸರಿ. ಅದಕ್ಕೆ ಭಾರತ ಹಣ ಕೊಟ್ಟದ್ದೂ ಸರಿ. ಹೊಸ ದಾರಿ ಯಾವಾಗ ತಯಾರಾಗುತ್ತದೆಂಬ ಖಾತ್ರಿಯಿಲ್ಲದೆ ಹಳೆಯದನ್ನು ಎಂಟು ವರ್ಷಕ್ಕೂ ಮೇಲ್ಪಟ್ಟು ನಿಲ್ಲಿಸಿಟ್ಟದ್ದು ತಪ್ಪು. ರಾಣಾಗಳ ಕಾಲದಲ್ಲಿ ಮರದ ಲೆಕ್ಕವಿತ್ತು, ಈ ಕಾಲದಲ್ಲಿ ಯೋಜನೆಯ ಲೆಕ್ಕವಿತ್ತು. ಮಗಳ ಮನೆಗೆ ಹೋಗುವವರ ಲೆಕ್ಕವನ್ನು ಎರಡು ಕಾಲದಲ್ಲಿಯೂ ಯಾರೂ ಇಡಲಿಲ್ಲ. ಆದರೆ ಮರ ಮುಗಿದ ಮೇಲೆ ಈ ರೈಲಿಗೆ ಕೆಲಸ ಕೊಟ್ಟವರು ಅವರೇ.

ದೊಡ್ಡ ಮಾತುಗಳಿಗೆ ನೇಪಾಳದಲ್ಲಿ ಕೊರತೆಯಿಲ್ಲ. ಮೇಚಿ ನದಿಯಿಂದ ಮಹಾಕಾಳಿಯವರೆಗೆ ಪೂರ್ವ–ಪಶ್ಚಿಮ ರೈಲು, ಟಿಬೆಟ್‌ನ ಕೇರುಂಗ್‌ನಿಂದ ಕಾಠ್ಮಂಡುವಿಗೆ ಸುರಂಗಗಳ ರೈಲು, ರಕ್ಸೌಲ್‌ನಿಂದ ಕಾಠ್ಮಂಡುವಿಗೆ ಇನ್ನೊಂದು. ಈ ಕೊನೆಯದರ ಸರ್ವೆ ಮಾಡಿದ್ದೂ ಕೊಂಕಣ ರೈಲ್ವೆಯೇ. ಸಹ್ಯಾದ್ರಿಯ ಮಗ್ಗುಲನ್ನು ಕೊರೆದು ದಾರಿ ಮಾಡಿದವರಿಗೆ ಅದು ಸಾಧ್ಯವಾದೀತು. ಅದಕ್ಕೂ ಮೊದಲು, 2023ರಲ್ಲಿ ಹಸ್ತಾಂತರವಾದ ಕುರ್ಥಾ–ಬಿಜಲಪುರಾ ದಾರಿಯನ್ನು ಬರ್ದಿಬಾಸ್‌ಗೆ ಮುಟ್ಟಿಸಿ, ಈಗಿರುವ ಹಳಿಯ ಮೇಲೆ ದಿನಕ್ಕೆ ಇನ್ನೆರಡು ಗಾಡಿ ಓಡಿಸಿದರೆ ಈ ಬಯಲಿನವರಿಗೆ ಹೆಚ್ಚು ಪ್ರಯೋಜನವಾಗುತ್ತದೆ. ಬರ್ದಿಬಾಸ್‌ಗೆ ಮುಟ್ಟಿದರೆ ಪೂರ್ವ–ಪಶ್ಚಿಮ ಹೆದ್ದಾರಿ ಸಿಗುತ್ತದೆ. ಆಗ ಈ ಹಳಿಗೆ ಮೊದಲ ಬಾರಿಗೆ ನೇಪಾಳದೊಳಗೇ ಮುಂದಕ್ಕೆ ಹೋಗಲು ಒಂದು ದಾರಿ ಸಿಕ್ಕಂತಾಗುತ್ತದೆ.

ಸಂಜೆಯ ಗಾಡಿ ಬರುತ್ತಿದೆ, ಚಿತ್ರೀಕರಣ ಇನ್ನು ಹೆಚ್ಚು ಹೊತ್ತು ಆಗದು. ಆ ಹಿರಿಯರೂ ಇದೇ ರೈಲಿಗೆ ಹೊರಟಿದ್ದಾರೆ; ಕೈಯಲ್ಲಿರುವ ಗಂಟಿನಲ್ಲಿ ಮೊಮ್ಮಕ್ಕಳಿಗೆ ಒಯ್ಯುವ ಠೇಕುವಾ ಎಂಬ ಸಿಹಿತಿಂಡಿ ಇದೆಯಂತೆ. ಅಂಗಡಿಯವರು ಲೋಟಗಳನ್ನು ಎತ್ತಿಟ್ಟುಕೊಳ್ಳುತ್ತಿದ್ದಾರೆ. ಚೀಲ ತೆಗೆದುಕೊಳ್ಳುತ್ತೇನೆ, ಬಾಗಿಲ ಬಳಿ ನೂಕುನುಗ್ಗಲು ಶುರುವಾಗಿದೆ.