ಹಿಲ್ ಸ್ಟ್ರೀಟ್ ಠಾಣೆಯಲ್ಲಿ ಮತ್ತೆ ಹಾಜರಿ

ನಮಸ್ಕಾರ. ಮೇಜಿನ ಮೇಲೆ ಕಾಣುತ್ತಿರುವ ಈ ದಪ್ಪ ಪೆಟ್ಟಿಗೆಯಲ್ಲಿ ‘ಹಿಲ್ ಸ್ಟ್ರೀಟ್ ಬ್ಲೂಸ್’ ಎಂಬ ಪೊಲೀಸ್ ಧಾರಾವಾಹಿಯ ಏಳು ಸೀಸನ್‌ಗಳೂ ಇವೆ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1981ರ ಜನವರಿಯಿಂದ 1987ರ ಮೇ ತಿಂಗಳವರೆಗೆ ಪ್ರಸಾರವಾದ ಇದರಲ್ಲಿ ಒಟ್ಟು 146 ಕಂತುಗಳು. ಪ್ಲಾಸ್ಟಿಕ್ ಹೊದಿಕೆ ಹರಿಯುವುದನ್ನು ನಾನು ವಿವರಿಸುವುದಿಲ್ಲ, ನಿಮಗೇ ಕಾಣುತ್ತಿದೆ. ಹಾಸ್ಟೆಲ್ಲಿನಲ್ಲಿದ್ದಾಗ ಗೆಳೆಯನೊಬ್ಬನ ಡಿವಿಡಿಗಳಲ್ಲಿ ಮೊದಲ ಎರಡು ಸೀಸನ್ ನೋಡಿ, ಮೂರನೆಯದಕ್ಕಾಗಿ ಕಾದು ಕಾದು ಆಸೆ ಬಿಟ್ಟವನು ನಾನು. 2006ರಲ್ಲಿ ಆ ಎರಡೇ ಸೀಸನ್‌ಗಳು ಡಿವಿಡಿಯಾಗಿ ಬಂದು ಕೆಲಸ ಅಲ್ಲಿಗೇ ನಿಂತುಹೋಯಿತು. ಇಡೀ ಸರಣಿ ಒಂದೇ ಪೆಟ್ಟಿಗೆಯಲ್ಲಿ ಹೊರಬಂದದ್ದು 2014ರಲ್ಲಿ. ಅಮೆರಿಕದಲ್ಲಿರುವ ಅತ್ತೆಯ ಮಗ ಈ ಬಾರಿ ಕಲಬುರಗಿಗೆ ಬರುವಾಗ ಇದನ್ನು ತಂದುಕೊಟ್ಟ.

ಮನೆಯಲ್ಲಿದ್ದ ಡಿವಿಡಿ ಪ್ಲೇಯರ್ ಮೊದಲ ಡಿಸ್ಕನ್ನು ನುಂಗಿ, ಸ್ವಲ್ಪ ಹೊತ್ತು ಗುರುಗುಟ್ಟಿ, ‘ಈ ಪ್ರದೇಶದಲ್ಲಿ ನಡೆಯುವುದಿಲ್ಲ’ ಎಂಬ ಸಂದೇಶವನ್ನು ತೆರೆಯ ಮೇಲೆ ಎಸೆದು ಸುಮ್ಮನಾಯಿತು. ಡಿವಿಡಿ ಮಾಡಿದವರು ಜಗತ್ತನ್ನು ಪ್ರದೇಶಗಳಾಗಿ ಹಂಚಿಕೊಂಡಿದ್ದಾರೆ. ಅಮೆರಿಕಕ್ಕೆ ಒಂದನೆಯ ಸಂಖ್ಯೆ, ಭಾರತಕ್ಕೆ ಐದನೆಯ ಸಂಖ್ಯೆ, ಒಂದರ ಡಿಸ್ಕು ಐದರ ಯಂತ್ರದಲ್ಲಿ ಓಡಬಾರದೆಂಬುದು ಕಟ್ಟಳೆ. ಹಣ ಕೊಟ್ಟು ಕೊಂಡ ಡಿಸ್ಕು ನನ್ನದು, ಯಂತ್ರವೂ ನನ್ನದು, ಆದರೂ ಅವೆರಡರ ನಡುವೆ ಯಾರೋ ಗಡಿ ಎಳೆದು ಕುಳಿತಿದ್ದಾರೆ. ಕಂಪ್ಯೂಟರಿನ ಡಿವಿಡಿ ಡ್ರೈವ್ ಸ್ವಲ್ಪ ಉದಾರಿ, ಪ್ರದೇಶದ ಸಂಖ್ಯೆಯನ್ನು ಬದಲಿಸಲು ಬಿಡುತ್ತದೆ. ಆದರೆ ಐದೇ ಸಲ. ಆಮೇಲೆ ಕೊನೆಯದಾಗಿ ಯಾವ ಸಂಖ್ಯೆಯಿತ್ತೋ ಅದರಲ್ಲೇ ಶಾಶ್ವತವಾಗಿ ಬೀಗ ಬೀಳುತ್ತದೆ. ಇಂಥ ವ್ಯವಸ್ಥೆಯನ್ನು ರೂಪಿಸಿದವರ ಬಗ್ಗೆ ನನಗೆ ಕಿಂಚಿತ್ತೂ ಗೌರವವಿಲ್ಲ.

ಈಗ ಕಾಣುತ್ತಿರುವುದು ಸೂಪರ್ ಮಾರ್ಕೆಟ್ ಬಳಿಯ ಒಂದು ಗಲ್ಲಿ. ಇಲ್ಲಿ ಟಿವಿ ರಿಪೇರಿ ಮಾಡುವ ಚಾಚಾ ಒಬ್ಬರು ನನ್ನ ಗೋಳನ್ನೆಲ್ಲ ಕೇಳಿ, ಅಟ್ಟದ ಮೇಲಿಂದ ಹೆಸರೂ ಊರೂ ಇಲ್ಲದ ಹಳೆಯ ಪ್ಲೇಯರ್ ಒಂದನ್ನು ಇಳಿಸಿ, ಧೂಳು ಒರೆಸಿ, “ಬ್ರ್ಯಾಂಡಿನವು ಭಾಳ ನಖರಾ ಮಾಡ್ತಾವ್ರಿ, ಇದು ಏನ್ ಹಾಕಿದ್ರೂ ತಿಂತದ” ಎಂದರು. ಬೆಲೆ ಐದು ನೂರು ರೂಪಾಯಿ, ನಾನು ಒಪ್ಪಿದೆ. ಚೀಲಕ್ಕೆ ಹಾಕುವಾಗ ರಿಮೋಟ್ ಎಲ್ಲಿ ಎಂದು ಕೇಳಿದರೆ, “ಅದರ ರೊಕ್ಕ ಬ್ಯಾರೆ ಅದರಿ, ಎರಡು ನೂರಾ ಐವತ್ತು” ಎಂಬ ಉತ್ತರ ಬಂತು. ಇದು ವ್ಯಾಪಾರವೋ ಬಲೆಯೋ ನೀವೇ ಹೇಳಿ, ಏಕೆಂದರೆ ಇಂಥ ಯಂತ್ರಗಳಲ್ಲಿ ಪ್ರದೇಶದ ಕಟ್ಟನ್ನು ಬಿಚ್ಚುವ ಗುಪ್ತ ಪಟ್ಟಿ ತೆರೆದುಕೊಳ್ಳುವುದೇ ರಿಮೋಟಿನ ಅಂಕಿಗಳನ್ನು ಒಂದು ಕ್ರಮದಲ್ಲಿ ಒತ್ತಿದಾಗ, ಆ ಕ್ರಮ ಚಾಚಾನ ಬಾಯಲ್ಲಿದೆ, ರಿಮೋಟು ಚಾಚಾನ ಡಬ್ಬಿಯಲ್ಲಿದೆ. ಚೌಕಾಸಿ ಮಾಡಿದೆ. ಐವತ್ತು ಇಳಿಸಿದರು, ಅದಕ್ಕೆ ಬದಲಾಗಿ ಬ್ಯಾಟರಿ ಸೆಲ್ಲುಗಳನ್ನು ಕಿತ್ತಿಟ್ಟುಕೊಂಡರು. ಅಲ್ಲಿಯೇ ಜಗುಲಿಯ ಮೇಲೆ ಜೋಡಿಸಿ, ಡಿಸ್ಕಿನ ತಟ್ಟೆ ತೆರೆದು, ಪಟಪಟನೆ ಅಂಕಿ ಒತ್ತಿ, ಪ್ರದೇಶದ ಸಂಖ್ಯೆಯನ್ನು ಸೊನ್ನೆಗೆ, ಎಂದರೆ ಯಾವ ಗಡಿಯೂ ಇಲ್ಲದ ಸ್ಥಿತಿಗೆ ತಂದರು. ಅಮೆರಿಕದ ಡಿಸ್ಕು ಮಾತಾಡದೆ ಓಡಿತು. ಚಾಚಾನ ಮೇಲಿದ್ದ ಸಿಟ್ಟು ಅಷ್ಟಕ್ಕೇ ಇಳಿಯಿತಾದರೂ ರಿಮೋಟಿನ ಇನ್ನೂರು ರೂಪಾಯಿ ಹೆಚ್ಚೇ ಆಯಿತೆಂಬ ಮಾತಿಗೆ ನಾನು ಈಗಲೂ ಬದ್ಧ.

ಮನೆಗೆ ಬಂದೆವು. ಟಿವಿಯಲ್ಲಿ ಚಿತ್ರದ ಅನುಪಾತವನ್ನು ನಾಲ್ಕಕ್ಕೆ ಮೂರು ಎಂದು ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಅಗಲ ತೆರೆಯು ಆ ಕಾಲದ ಚೌಕ ಚಿತ್ರವನ್ನು ಎಳೆದು, ಎಲ್ಲ ಪೊಲೀಸರನ್ನೂ ಒಂದೇ ಸಮನೆ ದಪ್ಪಗಾಗಿಸುತ್ತದೆ.

ಈಗ ನಡೆಯುತ್ತಿರುವುದು ಬೆಳಗಿನ ಹಾಜರಿ. ಹೆಚ್ಚುಕಡಿಮೆ ಪ್ರತಿ ಕಂತೂ ಹೀಗೆಯೇ ತೊಡಗುತ್ತದೆ: ಮೈಕೆಲ್ ಕಾನ್ರಾಡ್ ನಟಿಸಿರುವ ಸಾರ್ಜೆಂಟ್ ಎಸ್ಟರ್‌ಹೌಸ್ ದಿನದ ಕಳವು, ಜಗಳ, ಕಾಣೆಯಾದವರ ವಿವರಗಳನ್ನೆಲ್ಲ ಓದಿ, ಹೊರಗೆ ಹುಷಾರಾಗಿರಿ ಎಂದು ಹೇಳಿ ಕಳಿಸುತ್ತಾನೆ. ಸ್ಟೀವನ್ ಬಾಚ್ಕೊ ಮತ್ತು ಮೈಕೆಲ್ ಕೊಜಾಲ್ ಸೃಷ್ಟಿಸಿದ ಈ ಧಾರಾವಾಹಿಯ ಮೊದಲ ಕಂತನ್ನು ನಿರ್ದೇಶಿಸಿದ ರಾಬರ್ಟ್ ಬಟ್ಲರ್, ಕ್ಯಾಮೆರಾವನ್ನು ಕೈಯಲ್ಲಿ ಹಿಡಿಸಿ, ಇಬ್ಬರು ಮಾತಾಡುವಾಗ ಅವರ ಮುಂದೆ ಮೂರನೆಯವನೊಬ್ಬನನ್ನು ಹಾಯಿಸಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವಂತೆ ಮಾಡಿದ. ಠಾಣೆಗೆ ಹೋಗಿ ದೂರು ಬರೆಸಿದವರಿಗೆ ಈ ಗದ್ದಲ ಹೊಸದೇನಲ್ಲ. ತೊಂದರೆಯೆಂದರೆ, ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲಿದ್ದಾಗ ನಮ್ಮ ಮನೆಯ ಕೂಲರ್ ಮಾಡುವ ಸದ್ದಿನಲ್ಲಿ ಆ ಒಂದರ ಮೇಲೊಂದು ಬಿದ್ದ ಮಾತುಗಳು ಒಂದೂ ಕೇಳುವುದಿಲ್ಲ. ಕೂಲರ್ ಆರಿಸಿ, ಬೆವರುತ್ತಲೇ ನೋಡುತ್ತಿದ್ದೇನೆ.

ಅಂದಿನ ಪೊಲೀಸ್ ಧಾರಾವಾಹಿಗಳಲ್ಲಿ ಒಂದು ಅಪರಾಧ, ಒಂದು ಗಂಟೆ, ಕೊನೆಗೆ ಒಂದು ಬಂಧನ ಎಂಬುದು ರೂಢಿಯಾಗಿತ್ತು. ಇಲ್ಲಿ ನಾಲ್ಕಾರು ಪ್ರಕರಣಗಳು ಒಟ್ಟಿಗೆ ಹೊರಟು, ಕೆಲವು ಮೂರು ವಾರ ಎಳೆದು, ಕೆಲವು ಯಾರ ಕೈಗೂ ಸಿಗದೆ ಹೋಗುತ್ತವೆ. ಮೊದಲ ವರ್ಷ ನೋಡಿದವರು ತೀರ ಕಡಿಮೆ, ಆದರೆ ಆ ವರ್ಷವೇ ಅಮೆರಿಕದ ಟಿವಿ ರಂಗದ ಎಂಟು ಎಮ್ಮಿ ಪ್ರಶಸ್ತಿಗಳು ಬಂದವು. ವಾಹಿನಿಯು ಎರಡನೆಯ ಸೀಸನ್‌ಗೆ ಒಪ್ಪಿಗೆ ಕೊಡುವಾಗ, ಪ್ರತಿ ಕಂತಿನಲ್ಲೂ ಒಂದು ಕಥೆಯಾದರೂ ಮುಗಿಯಬೇಕೆಂಬ ಷರತ್ತು ಹಾಕಿತು. ಒಂದರ ಹಿಂದೆ ಒಂದು ಡಿಸ್ಕು ಹಾಕಿಕೊಂಡು ನೋಡುವಾಗ ಆ ಷರತ್ತಿನ ಹೊಲಿಗೆ ಚೆನ್ನಾಗಿ ಕಾಣುತ್ತದೆ. ನನಗೆ ಹೊಲಿಗೆಯಿಲ್ಲದ ಮೊದಲ ಸೀಸನ್ನೇ ಇಷ್ಟ.

ಅಡುಗೆಮನೆಯಿಂದ ಕೇಳಿಬಂದ ಧ್ವನಿ ನಮ್ಮ ಅವ್ವನದು. “ಇದರಾಗ ಕಲ್ಯಾಣಿ ಬರೂದಿಲ್ಲೇನೋ?” ಎಂದು ಕೇಳುತ್ತಿದ್ದಾಳೆ. ಅವಳಿಗೆ ಪೊಲೀಸ್ ಧಾರಾವಾಹಿ ಎಂದರೆ 1989ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಉಡಾನ್’ ಒಂದೇ. ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ಕಲ್ಯಾಣಿ ಸಿಂಗ್ ಪಾತ್ರ ಮಾಡಿದ ಆ ಕಥೆಗೆ ಪ್ರೇರಣೆ ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ. ಮುಂದೆ 2004ರಲ್ಲಿ ಉತ್ತರಾಖಂಡದ ಡಿಜಿಪಿಯಾಗಿ, ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಎನಿಸಿಕೊಂಡವರು. ಟಿವಿಯ ಮಾತು ಬಂದರೆ ಅವ್ವನಿಗೆ ಇನ್ನೊಂದು ಜಂಬವೂ ಉಂಟು: 1975ರ ಉಪಗ್ರಹ ಪ್ರಯೋಗದಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳು ಟಿವಿ ನೋಡಿದಾಗ ಬೆಂಗಳೂರಿನಲ್ಲಿ ದೂರದರ್ಶನ ಇರಲೇ ಇಲ್ಲ, ಅಲ್ಲಿಗೆ ಅದು ಬಂದದ್ದು 1981ರಲ್ಲಿ. ಇರಲಿ, ತೆರೆಯ ಮೇಲೆ ಬೆಲ್ಕರ್ ಬಂದ.

ಬ್ರೂಸ್ ವೈಟ್ಜ್ ನಟಿಸಿರುವ ಈ ಬೆಲ್ಕರ್, ಸಿಕ್ಕಿಬಿದ್ದವರ ಮೇಲೆ ಗುರ್ರೆನ್ನುವ, ಕೆಲವೊಮ್ಮೆ ಕಚ್ಚಿಯೂ ಬಿಡುವ ಪತ್ತೇದಾರ. ಹಾಸ್ಟೆಲ್ಲಿನಲ್ಲಿ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಈಗ ನಗು ಬರಲಿಲ್ಲ. ಬಂಧನದಲ್ಲಿರುವವನಿಗೆ ಪೊಲೀಸ್ ನೋವು ಮಾಡುವುದನ್ನು ತಮಾಷೆಯಾಗಿ ತೋರಿಸುವುದು ಅಸಹ್ಯವೆನಿಸಿತು. ಇಷ್ಟು ಹೇಳುವಷ್ಟರಲ್ಲೇ, ಅದೇ ಬೆಲ್ಕರ್ ಆರೋಪಿಯನ್ನು ಎದುರಿಗೆ ಕೂರಿಸಿಕೊಂಡು ಟೈಪ್ ಮಾಡುತ್ತಿರುವಾಗ ಅವನ ತಾಯಿಯ ಫೋನ್ ಬಂದು, ಅವನ ದನಿ ಒಮ್ಮೆಲೇ ಮೆತ್ತಗಾಗುತ್ತದೆ. ಸರಿ, ಅವನನ್ನು ಪೂರ್ತಿ ತಳ್ಳಿಹಾಕುವುದಿಲ್ಲ.

ಗಸ್ತಿನ ಪೊಲೀಸರಾದ ಹಿಲ್ ಮತ್ತು ರೆಂಕೊ ಮೊದಲ ಕಂತಿನಲ್ಲೇ ಗುಂಡೇಟು ತಿನ್ನುತ್ತಾರೆ. ಮೂಲ ಕಥೆಯಂತೆ ರೆಂಕೊ ಅಲ್ಲಿಯೇ ಸಾಯಬೇಕಿತ್ತು. ಚಾರ್ಲ್ಸ್ ಹೇಡ್ ಆ ಪಾತ್ರದಲ್ಲಿ ಎಷ್ಟು ಒಪ್ಪಿದನೆಂದರೆ ಅವನನ್ನು ಬದುಕಿಸಿಕೊಂಡು ಕೊನೆಯ ಸೀಸನ್‌ವರೆಗೂ ಕರೆದೊಯ್ದರು. ಒಳ್ಳೆಯ ಕೆಲಸ ಮಾಡಿದರು.

ಎಸ್ಟರ್‌ಹೌಸ್‌ನ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಮೈಕೆಲ್ ಕಾನ್ರಾಡ್ 1983ರ ನವೆಂಬರಿನಲ್ಲಿ ತೀರಿಕೊಂಡರು. ನಾಲ್ಕನೆಯ ಸೀಸನ್‌ನಲ್ಲಿ ಸಾರ್ಜೆಂಟನೂ ಸಾಯುತ್ತಾನೆ, ಅದೂ ಪ್ರೇಯಸಿಯ ಹಾಸಿಗೆಯಲ್ಲಿ. ನಿಜವಾಗಿಯೂ ತೀರಿಹೋದ ನಟನಿಗೆ ಇಂಥ ಚೇಷ್ಟೆಯ ಬೀಳ್ಕೊಡುಗೆ ಬೇಕಿರಲಿಲ್ಲ. ಅವನ ಜಾಗಕ್ಕೆ ಬರುವ ರಾಬರ್ಟ್ ಪ್ರಾಸ್ಕಿಯ ಜಬ್ಲಾನ್ಸ್ಕಿ ಹುಷಾರಾಗಿರಿ ಎನ್ನುವುದಿಲ್ಲ, ಅವರು ನಮ್ಮ ಮೇಲೆ ಬೀಳುವ ಮೊದಲು ನಾವೇ ಬೀಳೋಣ ಎನ್ನುತ್ತಾನೆ. ಅವನಿಗೆ ನಾನಿನ್ನೂ ಒಗ್ಗಿಲ್ಲ. ಐದನೆಯ ಸೀಸನ್ ಮುಗಿಸಿದ ಮೇಲೆ ಮಾತು ಬದಲಾಯಿಸಿದರೂ ಬದಲಾಯಿಸಬಹುದು. ಕ್ಯಾಮೆರಾದ ಬ್ಯಾಟರಿ ಕೆಂಪು ತೋರಿಸುತ್ತಿದೆ, ಅವ್ವ ಕೂಲರ್ ಹಚ್ಚು ಎನ್ನುತ್ತಿದ್ದಾಳೆ.